ಪಕ್ಕದ ಮನೆಯ ಹೆಪ್ಪು

2020ರ ಫೆಬ್ರವರಿ 29, ಶನಿವಾರ. ಅಮೆರಿಕದ ಡೆನ್ವರ್ ನಗರದಲ್ಲಿ ಸೋಮವಾರ ಆರಂಭವಾಗಬೇಕಿದ್ದ ಅಮೆರಿಕನ್ ಫಿಸಿಕಲ್ ಸೊಸೈಟಿಯ ಮಾರ್ಚ್ ಸಮ್ಮೇಳನ ರದ್ದಾಗಿದೆ ಎಂಬ ಸುದ್ದಿ ಅಂದು ರಾತ್ರಿ ಹೊರಬಿತ್ತು. ಹತ್ತು ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಸೇರಬೇಕಿದ್ದ ಜಾತ್ರೆ ಅದು. ಕೆಲವರು ಆಗಲೇ ಡೆನ್ವರಿನಲ್ಲಿ ಇಳಿದು ಹೋಟೆಲ್ ಸೇರಿದ್ದರು. ಇನ್ನು ಕೆಲವರು ವಿಮಾನದಲ್ಲಿದ್ದರು. ಛತ್ರದ ಬಾಗಿಲಿಗೆ ಬಂದ ನೆಂಟರಿಗೆ ಮದುವೆ ನಿಂತಿದೆ ಎಂದು ಹೇಳಿದ ಹಾಗಾಯಿತು. ಕೆಲವು ಉತ್ಸಾಹಿಗಳು ಮಾತ್ರ ಸುಮ್ಮನಿರಲಿಲ್ಲ. ತಂದ ಊಟವನ್ನು ಹಂಚಿಕೊಂಡೇ ಹೋಗೋಣ ಎಂಬಂತೆ ತಮ್ಮ ಉಪನ್ಯಾಸಗಳನ್ನು ಇಂಟರ್ನೆಟ್ಟಿಗೆ ಏರಿಸಿ, ಅಲ್ಲೇ ಒಂದು ಪರ್ಯಾಯ ಸಮ್ಮೇಳನ ನಡೆಸಿದರು.

ಅದಕ್ಕೆ ಎರಡು ವಾರ ಮೊದಲು, ಫೆಬ್ರವರಿ 15ರಿಂದ 19ರವರೆಗೆ, ಸ್ಯಾನ್ ಡಿಯಾಗೋದಲ್ಲಿ ಬಯೊಫಿಸಿಕಲ್ ಸೊಸೈಟಿಯ ವಾರ್ಷಿಕ ಸಮ್ಮೇಳನ ಎಂದಿನಂತೆ ನಡೆದು ಮುಗಿದಿತ್ತು. ಪ್ರೋಟೀನುಗಳ ಮೇಲಿನ ವಿದ್ಯುದಾವೇಶವನ್ನು ಅಳೆಯುವವರು, ಲೆಕ್ಕ ಹಾಕುವವರು ವರ್ಷಕ್ಕೊಮ್ಮೆ ಮುಖಾಮುಖಿಯಾಗುವ ಜಾಗಗಳಲ್ಲಿ ಅದೂ ಒಂದು. ಆ ಸಮ್ಮೇಳನದ ಕೊನೆಯ ದಿನವೇ, ಫೆಬ್ರವರಿ 19ರಂದು, ಹೊಸ ಕೊರೋನಾ ವೈರಸ್ಸಿನ ಮುಳ್ಳಿನ ಪ್ರೋಟೀನು ಹೇಗಿದೆ ಎಂಬ ಚಿತ್ರವನ್ನು ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು. ಮರುವರ್ಷ ಬೋಸ್ಟನ್ನಿನಲ್ಲಿ ಸೇರಬೇಕಿದ್ದ ಇದೇ ಸಮ್ಮೇಳನ ಆ ಮುಳ್ಳಿನ ದೆಸೆಯಿಂದಲೇ 2021ರ ಫೆಬ್ರವರಿಯಲ್ಲಿ ಪೂರ್ತಿಯಾಗಿ ಕಂಪ್ಯೂಟರ್ ತೆರೆಗೆ ಸ್ಥಳಾಂತರವಾಯಿತು. ಪ್ರೋಟೀನುಗಳ ಸೆಳೆತವನ್ನು ಅಭ್ಯಾಸ ಮಾಡುವವರನ್ನು ಒಂದು ಪ್ರೋಟೀನಿನ ಸೆಳೆತವೇ ಮನೆಯಲ್ಲಿ ಕೂರಿಸಿತು.

ವಿಜ್ಞಾನಿಗಳ ಸಭೆ ಹಾಲಿನಲ್ಲಿ ನಡೆದರೇನು, ಜೂಮಿನಲ್ಲಿ ನಡೆದರೇನು, ನಮಗೇಕೆ ಅದರ ಗೊಡವೆ ಎಂದು ನೀವು ಕೇಳಬಹುದು. ಕಾರಣವಿದೆ. ಮನೆಯಿಂದಲೇ ಕೆಲಸ, ಮನೆಯಿಂದಲೇ ಪಾಠ, ಮನೆಯಿಂದಲೇ ಸಭೆ ಎಂಬ ಪ್ರಯೋಗಕ್ಕೆ ನಾವೆಲ್ಲರೂ ಒಳಗಾದೆವು. 2019ರ ಡಿಸೆಂಬರಿನಲ್ಲಿ ಜೂಮ್ ಸಭೆಗಳಲ್ಲಿ ದಿನಕ್ಕೆ ಒಂದು ಕೋಟಿ ಜನ ಸೇರುತ್ತಿದ್ದರು. ನಾಲ್ಕೇ ತಿಂಗಳಲ್ಲಿ ಅದು ಮೂವತ್ತು ಕೋಟಿಗೆ ಏರಿತು. ಆ ಪ್ರಯೋಗದಲ್ಲಿ ಏನು ಪಾಸಾಯಿತು, ಏನು ಫೇಲಾಯಿತು ಎಂದು ನೋಡಲು ಪ್ರೋಟೀನ್ ವಿದ್ಯುತ್ತಿನವರಂಥ ಸಣ್ಣ ಸಮುದಾಯವೇ ಅನುಕೂಲ. ಅವರ ಕೆಲಸದ ಬಹುಭಾಗ ಕಂಪ್ಯೂಟರಿನಲ್ಲೇ ನಡೆಯುತ್ತದೆ. ತೆರೆಯ ಮೇಲೆ ಯಾರಿಗಾದರೂ ಸಮ್ಮೇಳನ ಒಗ್ಗುವುದಿದ್ದರೆ ಮೊದಲು ಅವರಿಗೇ ಒಗ್ಗಬೇಕಿತ್ತು.

ಈ ‘ಪ್ರೋಟೀನ್ ವಿದ್ಯುತ್ತು’ ಏನೆಂದು ತಿಳಿಯಲು ಅಡುಗೆಮನೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬೆರೆಸಿ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆಗೆ ಗಟ್ಟಿ ಮೊಸರು. ನಡುವೆ ಏನಾಯಿತು? ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನಿನ ಸಣ್ಣ ಸಣ್ಣ ಉಂಡೆಗಳು ತೇಲುತ್ತಿರುತ್ತವೆ. ಅವುಗಳ ಮೈಮೇಲೆಲ್ಲ ಋಣ ಆವೇಶ. ಋಣಕ್ಕೆ ಋಣ ಆಗದು. ಹತ್ತಿರ ಬಂದರೆ ಒಂದನ್ನೊಂದು ದೂರ ತಳ್ಳುತ್ತವೆ. ಹಾಲು ಹಾಲಾಗಿ ಉಳಿಯುವುದರಲ್ಲಿ ಈ ಜಗಳಕ್ಕೆ ದೊಡ್ಡ ಪಾಲಿದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತದೆ. ಹುಳಿ ಏರುತ್ತದೆ. ಹಾಲಿನ ಪಿಎಚ್ 6.6ರ ಆಸುಪಾಸಿನಿಂದ ಇಳಿಯುತ್ತಾ 4.6ಕ್ಕೆ ಬರುವ ಹೊತ್ತಿಗೆ ಕೇಸೀನಿನ ಧನ, ಋಣ ಎರಡೂ ಸಮವಾಗಿ ನಿವ್ವಳ ಆವೇಶ ಸೊನ್ನೆಯಾಗುತ್ತದೆ. ತಳ್ಳಾಟ ನಿಂತಿತು, ಉಂಡೆಗಳು ಒಂದಕ್ಕೊಂದು ಅಂಟಿಕೊಂಡವು, ಮೊಸರಾಯಿತು. ಕಾಯಿಸಿದ ಹಾಲಿಗೆ ನಿಂಬೆಹಣ್ಣು ಹಿಂಡಿದಾಗಲೂ ಇದೇ ಕಥೆ, ಆದರೆ ಅಲ್ಲಿ ಎಲ್ಲವೂ ಅವಸರದಲ್ಲಿ ನಡೆದು ಹಾಲು ಒಡೆಯುತ್ತದೆ.

ಹೀಗೆ ಹುಳಿಯ ಜೊತೆಗೆ ಆವೇಶ ಬದಲಾಗುವ ಗುಣ ಎಲ್ಲ ಪ್ರೋಟೀನುಗಳಿಗೂ ಇದೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರವೇ ಪ್ರೋಟೀನು. ಅದರಲ್ಲಿ ಲೈಸೀನ್, ಆರ್ಜಿನೀನ್ ಮಣಿಗಳು ಸಾಮಾನ್ಯವಾಗಿ ಧನ. ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳು ಋಣ. ಸರ ಸುತ್ತಿಕೊಂಡು ಉಂಡೆಯಾದಾಗ ಯಾವ ಆವೇಶ ಎಲ್ಲಿ ಬಂತು ಎಂಬುದರ ಮೇಲೆ ಆ ಪ್ರೋಟೀನು ಯಾರನ್ನು ಹತ್ತಿರ ಸೇರಿಸುತ್ತದೆ, ಯಾರನ್ನು ದೂರ ಇಡುತ್ತದೆ ಎಂಬುದು ನಿಂತಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ದುಡಿಯುತ್ತಿರುವ ಸ್ನಾಯುವಿನಲ್ಲಿ ಬಿಟ್ಟುಕೊಡುವುದಕ್ಕೂ ಧನ-ಋಣಗಳ ಇಂಥ ಕೊಂಡಿಗಳು ಕೂಡುವುದು, ಬಿಡುವುದು ಕಾರಣ ಎಂದು ತೋರಿಸಿದವರು ನೊಬೆಲ್ ಪುರಸ್ಕೃತ ಮ್ಯಾಕ್ಸ್ ಪೆರುಟ್ಝ್.

ಲೆಕ್ಕದ ಕಥೆ ಇನ್ನೂ ಹಳೆಯದು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್ ಕಂಪನಿಯ ಪ್ರಯೋಗಾಲಯವಿದೆ. 1909ರಲ್ಲಿ ಪಿಎಚ್ ಎಂಬ ಅಳತೆಗೋಲು ಹುಟ್ಟಿದ್ದು ಅಲ್ಲೇ. 1924ರಲ್ಲಿ ಅಲ್ಲಿನ ಲಿಂಡರ್‌ಸ್ಟ್ರಾಮ್-ಲಾಂಗ್ ಎಂಬ ವಿಜ್ಞಾನಿ ಪ್ರೋಟೀನನ್ನು ಒಂದು ಚೆಂಡು ಎಂದುಕೊಂಡು, ಅದರ ಮೈಗೆಲ್ಲ ಆವೇಶವನ್ನು ಬೆಣ್ಣೆಯಂತೆ ಸವರಿ ಲೆಕ್ಕ ಹಾಕಿದರು. ಆಗಿನ್ನೂ ಯಾವ ಪ್ರೋಟೀನಿನ ಆಕಾರವನ್ನೂ ಯಾರೂ ಕಂಡಿರಲಿಲ್ಲ. 1957ರಲ್ಲಿ ಟ್ಯಾನ್‌ಫರ್ಡ್ ಮತ್ತು ಕರ್ಕ್‌ವುಡ್, ಸವರಿದ ಬೆಣ್ಣೆಯನ್ನು ತೆಗೆದು ಆವೇಶಗಳನ್ನು ಬಿಡಿ ಬಿಡಿ ಚುಕ್ಕಿಗಳಾಗಿ ಇಟ್ಟರು. 1976ರಲ್ಲಿ ವಾರ್ಷೆಲ್ ಮತ್ತು ಲೆವಿಟ್ ಒಂದು ಕಿಣ್ವದ ಒಳಗೆ ನಡೆಯುವ ರಾಸಾಯನಿಕ ಕ್ರಿಯೆಯನ್ನೇ ಕಂಪ್ಯೂಟರಿನಲ್ಲಿ ಲೆಕ್ಕಕ್ಕೆ ತಂದರು. ಅವರಿಬ್ಬರಿಗೆ ಮಾರ್ಟಿನ್ ಕಾರ್‌ಪ್ಲಸ್ ಜೊತೆ 2013ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಇವತ್ತು ಪದವಿ ವಿದ್ಯಾರ್ಥಿಯೂ ಲ್ಯಾಪ್‌ಟಾಪಿನಲ್ಲಿ ಪ್ರೋಟೀನಿನ ಮೈಗೆ ಋಣವಿದ್ದಲ್ಲಿ ಕೆಂಪು, ಧನವಿದ್ದಲ್ಲಿ ನೀಲಿ ಬಳಿದು ನೋಡಬಹುದು.

ಇಷ್ಟಾದರೂ ವಿಷಯ ಇತ್ಯರ್ಥವಾಗಿಲ್ಲ. ತಕರಾರಿರುವುದು ಆವೇಶಗಳ ನಡುವೆ ಏನಿದೆ ಎಂಬುದರಲ್ಲಿ. ಎರಡು ಆವೇಶಗಳ ನಡುವೆ ನೀರಿದ್ದರೆ ಅವುಗಳ ಸೆಳೆತ ಸುಮಾರು ಎಂಬತ್ತು ಪಟ್ಟು ಕುಗ್ಗುತ್ತದೆ. ನಿರ್ವಾತದಲ್ಲಿ ಸುಮಾರು 56 ನ್ಯಾನೋಮೀಟರು ದೂರದಿಂದಲೂ ಒಂದರ ಇರವನ್ನು ಇನ್ನೊಂದು ಗಟ್ಟಿಯಾಗಿ ಅರಿಯಬಲ್ಲ ಎರಡು ಆವೇಶಗಳು, ನೀರಿನಲ್ಲಿ ಅಷ್ಟೇ ಗಟ್ಟಿಯಾಗಿ ಅರಿಯಬೇಕಾದರೆ 0.7 ನ್ಯಾನೋಮೀಟರು ಹತ್ತಿರ ಬರಬೇಕು. ಪ್ರೋಟೀನಿನ ಒಳಗೆ ನೀರು ಕಡಿಮೆ, ಎಣ್ಣೆಯಂಥ ವಾತಾವರಣ ಹೆಚ್ಚು. ಅಲ್ಲಿ ಸೆಳೆತ ಎಷ್ಟು ಕುಗ್ಗುತ್ತದೆ, ಎರಡು ಪಟ್ಟೋ, ನಾಲ್ಕು ಪಟ್ಟೋ, ಇಪ್ಪತ್ತು ಪಟ್ಟೋ? ಒಬ್ಬೊಬ್ಬರದು ಒಂದೊಂದು ಲೆಕ್ಕ. ದಶಕಗಳಿಂದ ಈ ಸಮ್ಮೇಳನಗಳಲ್ಲಿ ಟೀ ಆರಿಹೋಗುವಷ್ಟು ಹೊತ್ತು ನಡೆಯುವ ಜಗಳ ಇದೇ.

ಆ ಜಗಳಕ್ಕೆ ಒಂದು ಒಳ್ಳೆಯ ಪ್ರಯೋಗದ ಆಸರೆ ಸಿಕ್ಕಿದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ. ಅಲ್ಲಿನ ಬರ್ಟ್ರಾಂಡ್ ಗಾರ್ಸಿಯಾ-ಮೊರೆನೊ ಅವರ ತಂಡ ಒಂದು ಗಟ್ಟಿಮುಟ್ಟಾದ ಪ್ರೋಟೀನನ್ನು ಆರಿಸಿಕೊಂಡು, ಅದರ ಹೊಟ್ಟೆಯೊಳಗೆ 25 ಬೇರೆ ಬೇರೆ ಜಾಗಗಳಲ್ಲಿ ಒಂದೊಂದಾಗಿ ಲೈಸೀನನ್ನು ಕೂರಿಸಿತು. ನೀರಿನಲ್ಲಿ ಲೈಸೀನ್ ತನ್ನ ಧನ ಆವೇಶವನ್ನು ಪಿಎಚ್ 10.4ರವರೆಗೂ ಹಿಡಿದುಕೊಂಡಿರುತ್ತದೆ, ಅರ್ಧದಷ್ಟು ಲೈಸೀನುಗಳು ಆವೇಶ ಬಿಟ್ಟುಕೊಡುವ ಈ ಗಡಿಗೆ ಪಿಕೆಎ ಎಂದು ಹೆಸರು. ಎಣ್ಣೆಯಂಥ ಒಳಭಾಗದಲ್ಲಿ ಆವೇಶ ಹೊತ್ತು ಕೂರುವುದು ಅದಕ್ಕೆ ಇರಿಸುಮುರಿಸು. 25ರಲ್ಲಿ 19 ಜಾಗಗಳಲ್ಲಿ ಈ ಗಡಿ ಕೆಳಗಿಳಿದಿತ್ತು. ಒಂದು ಜಾಗದಲ್ಲಂತೂ 5.3ಕ್ಕೆ ಬಂದಿತ್ತು. ಪಿಎಚ್ ಲೆಕ್ಕದಲ್ಲಿ ಐದು ಮೆಟ್ಟಿಲು ಎಂದರೆ ಒಂದು ಲಕ್ಷ ಪಟ್ಟು. ಮಿಕ್ಕ ಆರು ಜಾಗಗಳಲ್ಲಿ, ಆಶ್ಚರ್ಯವೆಂಬಂತೆ, ಲೈಸೀನ್ ಏನೂ ಆಗದವರಂತೆ ಕೂತಿತ್ತು.

ಇಂಥ ಅಳತೆಗಳು ಕೈಗೆ ಬಂದ ಮೇಲೆ ಲೆಕ್ಕದವರನ್ನು ಪರೀಕ್ಷೆಗೆ ಕೂರಿಸುವುದು ಸುಲಭವಾಯಿತು. ಕಂಪ್ಯೂಟರ್ ತಂಡಗಳು ಮೊದಲು ತಮ್ಮ ಉತ್ತರ ಒಪ್ಪಿಸಬೇಕು, ಪ್ರಯೋಗದ ಅಂಕಿಗಳನ್ನು ಆಮೇಲೆ ಬಿಚ್ಚಬೇಕು. ಉತ್ತರಪತ್ರಿಕೆ ಮೊದಲು, ಕೀ ಉತ್ತರ ಆಮೇಲೆ. 2009ರಲ್ಲಿ ಕೊಲರಾಡೊದ ಟೆಲ್ಯುರೈಡ್ ಎಂಬ ಪುಟ್ಟ ಊರಿನಲ್ಲಿ ಈ ತಂಡಗಳು ಸೇರಿದವು. ಹಿಂದೆ ಗಣಿಗಾರಿಕೆಗೆ ಹೆಸರಾಗಿದ್ದ ಆ ಊರು ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರದಲ್ಲಿದೆ. ‘ಪಿಕೆಎ ಕೋಆಪರೇಟಿವ್’ ಎಂಬ ಹೆಸರಿನ ಆ ಒಕ್ಕೂಟದ ಫಲಿತಾಂಶಗಳು 2011ರಲ್ಲಿ ಒಂದು ಪತ್ರಿಕೆಯ ವಿಶೇಷ ಸಂಚಿಕೆಯಾಗಿ ಬಂದವು. ಒಳಭಾಗದ ಆವೇಶಗಳ ವಿಷಯದಲ್ಲಿ ಯಾವ ವಿಧಾನವೂ ಪೂರ್ತಿ ಗೆಲ್ಲಲಿಲ್ಲ. ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗಲಿಲ್ಲ. ಅನೇಕರದು ಪ್ರಯೋಗಕ್ಕೂ ತಾಳೆಯಾಗಲಿಲ್ಲ.

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ವಿಜ್ಞಾನದ ಸಮ್ಮೇಳನ ಎಂದರೆ ಗೆದ್ದವರ ಭಾಷಣ ಎಂದು ಹೊರಗಿನವರು ತಿಳಿಯುತ್ತಾರೆ. ಸಣ್ಣ ಸಮ್ಮೇಳನಗಳ ಬೆಲೆ ಇರುವುದು ಸೋತವರ ಮಾತಿನಲ್ಲಿ. ‘ನನ್ನ ಲೆಕ್ಕ ಇಲ್ಲಿ ತಪ್ಪಿತು, ಯಾಕೆಂದು ತಿಳಿಯುತ್ತಿಲ್ಲ’ ಎಂದು ಹತ್ತಿಪ್ಪತ್ತು ಜನರ ಎದುರು ಹೇಳಬಲ್ಲ ಕೋಣೆ ಬೇಕು. ಆ ಮಾತು ಪ್ರಬಂಧದಲ್ಲಿ ಬರುವುದಿಲ್ಲ, ಪವರ್‌ಪಾಯಿಂಟಿನಲ್ಲೂ ಬರುವುದಿಲ್ಲ.

ಈಗ 2020ಕ್ಕೆ ಮರಳೋಣ. ಮನೆಯಲ್ಲಿ ಕೂತ ಪ್ರೋಟೀನ್ ವಿದ್ಯುತ್ತಿನವರಿಗೆ ಕೆಲಸಕ್ಕೇನೂ ಬರವಿರಲಿಲ್ಲ. ಪ್ರೋಟೀನುಗಳ ಆಕಾರಗಳನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಏಳು ಪ್ರೋಟೀನುಗಳಿಂದ ಶುರುವಾದದ್ದು. ಈಗ ಅಲ್ಲಿ ಲಕ್ಷಗಟ್ಟಲೆ ಇವೆ, ಎಲ್ಲರಿಗೂ ಉಚಿತ. ವೈರಸ್ಸಿನ ಮುಳ್ಳಿನ ವಿವರವೂ ಅಲ್ಲಿಗೆ ಬಂತು. ಮುಳ್ಳು ಅಂಟಿಕೊಳ್ಳುವುದು ನಮ್ಮ ಜೀವಕೋಶಗಳ ಮೇಲಿರುವ ಎಸಿಇ-2 ಎಂಬ ಪ್ರೋಟೀನಿಗೆ. ಅಂಟುವ ಆ ಜಾಗದಲ್ಲಿ ನಮ್ಮ ಪ್ರೋಟೀನಿನ ಮೈ ಹೆಚ್ಚಾಗಿ ಋಣ. ವೈರಸ್ಸು ರೂಪ ಬದಲಿಸುತ್ತಾ ಹೋದಂತೆ ಏನಾಯಿತು ನೋಡಿ. ಬೀಟಾ ಮತ್ತು ಗಾಮಾ ತಳಿಗಳಲ್ಲಿ 484ನೆಯ ಜಾಗದಲ್ಲಿದ್ದ ಋಣ ಮಣಿ ಹೋಗಿ ಧನ ಮಣಿ ಬಂತು. ಡೆಲ್ಟಾದಲ್ಲಿ 452 ಮತ್ತು 478ನೆಯ ಜಾಗಗಳಲ್ಲಿ ಆವೇಶವಿಲ್ಲದ ಮಣಿಗಳು ಹೋಗಿ ಧನ ಮಣಿಗಳು ಕೂತವು. ಓಮಿಕ್ರಾನ್ ಬರುವ ಹೊತ್ತಿಗೆ ಅಂಟುವ ಭಾಗದ ಧನ ಆವೇಶ ಮೂಲ ವೈರಸ್ಸಿಗಿಂತ ಸಾಕಷ್ಟು ಹೆಚ್ಚಿತ್ತು. ಹರಡುವಿಕೆಗೆ ಇದೊಂದೇ ಕಾರಣವಲ್ಲ. ರೋಗನಿರೋಧಕ ಕಣಗಳಿಂದ ತಪ್ಪಿಸಿಕೊಳ್ಳುವುದೂ ಸೇರಿದಂತೆ ಬೇರೆ ಲಾಭಗಳೂ ವೈರಸ್ಸಿಗೆ ಇದ್ದವು. ಆದರೂ ಪಠ್ಯಪುಸ್ತಕದ ಧನ-ಋಣದ ಪಾಠವನ್ನು ಇಷ್ಟು ದೊಡ್ಡ ಹಲಗೆಯ ಮೇಲೆ ಬರೆದು ತೋರಿಸಿದ್ದು ಇದೇ ಮೊದಲು.

ಹೇಳಿಕೊಳ್ಳಲು ಇಷ್ಟು ವಿಷಯ, ಸೇರಲು ಜಾಗವಿಲ್ಲ. ಹಾಗಾಗಿ ಸಮ್ಮೇಳನಗಳು ತೆರೆಗೆ ಬಂದವು. ಇದು ಆಗ ಹುಟ್ಟಿದ ಉಪಾಯವಲ್ಲ. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2015ರಿಂದಲೇ ಟ್ವಿಟರಿನಲ್ಲಿ ಪೋಸ್ಟರ್ ಸಮ್ಮೇಳನ ನಡೆಸುತ್ತಿತ್ತು. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯ 2016ರಲ್ಲಿ ವಿಮಾನ ಹತ್ತದೆ ಸೇರುವ ಸಮ್ಮೇಳನ ಮಾಡಿತ್ತು; ಮೊದಲೇ ಧ್ವನಿಮುದ್ರಿಸಿದ ಉಪನ್ಯಾಸ, ಆಮೇಲೆ ವಾರಗಟ್ಟಲೆ ಬರಹದಲ್ಲಿ ಪ್ರಶ್ನೋತ್ತರ. 2020ರ ಮಾರ್ಚ್ ಕೊನೆಯಲ್ಲಿ ನರವಿಜ್ಞಾನಿಗಳು ನಡೆಸಿದ ‘ನ್ಯೂರೊಮ್ಯಾಚ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾರ ಆಸಕ್ತಿ ಯಾರಿಗೆ ಹೊಂದುತ್ತದೆ ಎಂದು ಕಂಪ್ಯೂಟರಿನಿಂದ ಜೋಡಿ ಹುಡುಕಿಸಿ, ಇಬ್ಬಿಬ್ಬರನ್ನೇ ಮಾತಿಗೆ ಕೂರಿಸಿತು. ಜಾತಕ ನೋಡಿ ಕೂರಿಸಿದ ಹಾಗೆ.

ಇವರೆಲ್ಲ ಕಲಿತ ಮೊದಲ ಪಾಠ: ಸಭಾಂಗಣದ ಕಾರ್ಯಕ್ರಮಕ್ಕೆ ಕ್ಯಾಮೆರಾ ಇಟ್ಟರೆ ಅದು ಆನ್‌ಲೈನ್ ಸಮ್ಮೇಳನವಾಗುವುದಿಲ್ಲ. ಹಾಲಿನಲ್ಲಿ ಎಂಟು ಗಂಟೆ ಕೂರುವವರು ತೆರೆಯ ಮುಂದೆ ಮೂರು ಗಂಟೆ ಕೂತರೆ ಹೆಚ್ಚು. ಐವತ್ತು ನಿಮಿಷದ ಉಪನ್ಯಾಸ ಇಪ್ಪತ್ತಕ್ಕೆ ಇಳಿಯಬೇಕು. ಉಪನ್ಯಾಸ ಮೊದಲೇ ಮುದ್ರಿಸಿ ಕಳಿಸಿ, ಎಲ್ಲರೂ ಸೇರಿದ ಹೊತ್ತನ್ನು ಪ್ರಶ್ನೆಗೆ ಮೀಸಲಿಡಬೇಕು. ಪ್ರಶ್ನೆಗಳನ್ನು ಆರಿಸಿ ಓದಲು ಒಬ್ಬರು, ಧ್ವನಿ ಕೈಕೊಟ್ಟವರನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಎಲ್ಲಕ್ಕಿಂತ ಕಷ್ಟದ್ದು ಗಡಿಯಾರ. ಬೋಸ್ಟನ್ನಿನಲ್ಲಿ ಫೆಬ್ರವರಿಯ ಬೆಳಿಗ್ಗೆ ಒಂಬತ್ತು ಎಂದರೆ ಬೆಂಗಳೂರಿನಲ್ಲಿ ಸಂಜೆ ಏಳೂವರೆ. ಸ್ಯಾನ್ ಫ್ರಾನ್ಸಿಸ್ಕೋದ ಒಂಬತ್ತು ಎಂದರೆ ರಾತ್ರಿ ಹತ್ತೂವರೆ. ಯಾರಿಗೋ ಕಾಫಿಯ ಹೊತ್ತು, ಇನ್ಯಾರಿಗೋ ಹಾಸಿಗೆಯ ಹೊತ್ತು.

ಆ ದಿನಗಳಲ್ಲಿ ಇಂಥ ಕೆಲವು ಗೋಷ್ಠಿಗಳನ್ನು ನಾನೂ ನೋಡಿದೆ, ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಒಂದು ಕಡೆ ಅಮೆರಿಕದ ಪ್ರಾಧ್ಯಾಪಕರೊಬ್ಬರು ಕೆಂಪು-ನೀಲಿ ಪ್ರೋಟೀನನ್ನು ತಿರುಗಿಸಿ ತೋರಿಸುತ್ತಿದ್ದರು. ಇನ್ನೊಂದು ಕಡೆ ಒಲೆಯ ಮೇಲೆ ಕುಕ್ಕರ್ ಮೂರನೆಯ ಸೀಟಿ ಹಾಕುತ್ತಿತ್ತು. ಪ್ರೊಫೆಸರು ಎರಡು ನಿಮಿಷ ಮ್ಯೂಟಿನಲ್ಲೇ ಮಾತಾಡಿ, ಯಾರೋ ಎಚ್ಚರಿಸಿದ ಮೇಲೆ ಮೊದಲಿಂದ ಶುರುಮಾಡಿದರು. ನನಗದು ಲಾಭವೇ ಆಯಿತೆನ್ನಿ. ಅರ್ಥವಾಗದ ಭಾಗವನ್ನು ಹಿಂದೆ ತಿರುಗಿಸಿ ಮೂರು ಸಲ ಕೇಳಿದೆ. ಹಾಲಿನಲ್ಲಿ ಕೂತಿದ್ದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ.

ಲಾಭಗಳ ಪಟ್ಟಿ ಸಣ್ಣದಲ್ಲ. ಅಮೆರಿಕದ ಸಮ್ಮೇಳನಕ್ಕೆ ಹೋಗಬೇಕೆಂದರೆ ನಮ್ಮ ಸಂಶೋಧನಾ ವಿದ್ಯಾರ್ಥಿಗೆ ವಿಮಾನದ ಟಿಕೆಟ್ಟು, ನೋಂದಣಿ ಶುಲ್ಕ, ಹೋಟೆಲ್ಲು, ಇವೆಲ್ಲಕ್ಕಿಂತ ಮೊದಲು ವೀಸಾ. ಸಂದರ್ಶನದ ದಿನಾಂಕ ಸಿಗುವಷ್ಟರಲ್ಲಿ ಸಮ್ಮೇಳನವೇ ಮುಗಿದಿರುವುದುಂಟು. ತೆರೆಯ ಸಮ್ಮೇಳನಕ್ಕೆ ಇದಾವುದೂ ಬೇಡ. ಸಮ್ಮೇಳನಗಳು ಆನ್‌ಲೈನ್ ಆದಾಗ ಮಹಿಳೆಯರು, ವಿದ್ಯಾರ್ಥಿಗಳು, ದೂರದ ದೇಶದವರು ಹೆಚ್ಚು ಸಂಖ್ಯೆಯಲ್ಲಿ ಬಂದರೆಂದು ಆಮೇಲಿನ ಅಧ್ಯಯನಗಳು ಹೇಳಿದವು. ಹಾಲು ಕುಡಿಯುವ ಮಗುವನ್ನು ಬಿಟ್ಟು ಒಂದು ವಾರ ಹೊರಗೆ ಹೋಗಲಾಗದ ಸಂಶೋಧಕಿಗೆ ಇದರ ಬೆಲೆ ಗೊತ್ತು.

ಹೊಗೆಯ ಲೆಕ್ಕವೂ ಇದೆ. 2019ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂವಿಜ್ಞಾನಿಗಳ ಒಂದು ದೊಡ್ಡ ಸಮ್ಮೇಳನ ನಡೆಯಿತು. ಅದಕ್ಕೆ ಬಂದುಹೋದ ಸುಮಾರು 28,000 ಜನರ ಪ್ರಯಾಣದಿಂದ 80,000 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆ ಹೊರಬಿತ್ತೆಂದು 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಬಂತು. ತಲೆಗೆ ಹೆಚ್ಚುಕಡಿಮೆ ಮೂರು ಟನ್. ಹವಾಮಾನ ಬದಲಾವಣೆಯ ಬಗ್ಗೆ ಎಚ್ಚರಿಸಲು ಹೋದವರೂ ಅವರಲ್ಲಿದ್ದರು.

ಇನ್ನು ನಷ್ಟ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ತನ್ನ ಮೊದಲ ಅಂತರರಾಷ್ಟ್ರೀಯ ಪೋಸ್ಟರನ್ನು ಆ ಕಾಲದಲ್ಲಿ ತೆರೆಯ ಮೇಲೆ ತೋರಿಸಿದ್ದಳು. ‘ಹೇಗಾಯಿತಮ್ಮ?’ ಎಂದು ಕೇಳಿದೆ. ‘ರಾತ್ರಿ ಹನ್ನೊಂದರಿಂದ ಒಂದರವರೆಗೆ ಕಾದೆ ಸರ್. ಮೂರು ಜನ ಬಂದರು. ಒಬ್ಬರು ನನ್ನ ಗೈಡು, ಒಬ್ಬರು ದಾರಿ ತಪ್ಪಿ ಬಂದವರು’ ಎಂದು ನಕ್ಕಳು. ಆ ಮೂರನೆಯವರು? ‘ಒಳ್ಳೆಯ ಪ್ರಶ್ನೆ ಕೇಳಿದರು. ಉತ್ತರ ಕೊಡುವಷ್ಟರಲ್ಲಿ ಇಲ್ಲಿ ಕರೆಂಟು ಹೋಯಿತು.’ ಹಾಲಿನಲ್ಲಾದರೆ ಪೋಸ್ಟರಿನ ಮುಂದೆ ಹಾದುಹೋಗುವವರು ಕಾಫಿ ಲೋಟ ಹಿಡಿದುಕೊಂಡೇ ನಿಲ್ಲುತ್ತಾರೆ. ಶೀರ್ಷಿಕೆ ನೋಡಿ ಮುಂದೆ ಹೋಗುವವರನ್ನು ಹುಡುಗಿಯ ಕಣ್ಣು ಹಿಡಿದು ನಿಲ್ಲಿಸುತ್ತದೆ. ತೆರೆಯ ಮೇಲೆ ಹಾದುಹೋಗುವ ದಾರಿಯೇ ಇಲ್ಲ. ಒತ್ತಿದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ಇದು ಒಬ್ಬ ಹುಡುಗಿಯ ಅನುಭವವಷ್ಟೇ ಎನ್ನುವವರಿಗೆ 2022ರಲ್ಲಿ ‘ನೇಚರ್’ನಲ್ಲೇ ಪ್ರಕಟವಾದ ಒಂದು ಪ್ರಯೋಗವಿದೆ. 602 ಜನರನ್ನು ಜೋಡಿಗಳಾಗಿ ಮಾಡಿ, ಅರ್ಧದಷ್ಟು ಜೋಡಿಗಳನ್ನು ಒಂದೇ ಕೋಣೆಯಲ್ಲಿ, ಮಿಕ್ಕವರನ್ನು ವಿಡಿಯೊ ಮೂಲಕ ಮಾತಿಗೆ ಬಿಟ್ಟು, ಒಂದು ವಸ್ತುವಿಗೆ ಹೊಸ ಬಳಕೆಗಳನ್ನು ಯೋಚಿಸಲು ಹೇಳಿದರು. ವಿಡಿಯೊ ಜೋಡಿಗಳಿಗೆ ಹೊಳೆದದ್ದು ಕಡಿಮೆ. ಹೊಳೆದವುಗಳಲ್ಲಿ ಒಳ್ಳೆಯದನ್ನು ಆರಿಸುವ ಕೆಲಸದಲ್ಲಿ ಮಾತ್ರ ಅವರೇನೂ ಹಿಂದೆ ಬೀಳಲಿಲ್ಲ. ವಿಡಿಯೊದಲ್ಲಿ ಕಣ್ಣು ತೆರೆಗೆ ಅಂಟಿಕೊಂಡಿರುತ್ತದೆ, ಕಣ್ಣು ಅಲೆಯದಿದ್ದರೆ ಮನಸ್ಸೂ ಅಲೆಯುವುದಿಲ್ಲ ಎಂಬುದು ಸಂಶೋಧಕರ ವಿವರಣೆ. ಸೂರು ನೋಡುತ್ತಾ, ಕಿಟಕಿಯಾಚೆ ನೋಡುತ್ತಾ ಯೋಚಿಸುವವರನ್ನು ಮೇಷ್ಟ್ರುಗಳು ಬೈಯುತ್ತಿದ್ದರು. ಬೈಯಬಾರದಿತ್ತು.

ಮತ್ತೊಂದು ನಷ್ಟ ಅಂಕಿಗೆ ಸಿಗುವಂಥದ್ದಲ್ಲ. 1931ರಲ್ಲಿ, ಅದೇ ಜಾನ್ಸ್ ಹಾಪ್ಕಿನ್ಸಿನಲ್ಲಿ ಬೇರು ಬಿಟ್ಟ ಗಾರ್ಡನ್ ಸಂಶೋಧನಾ ಸಮ್ಮೇಳನಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಅಲ್ಲಿ ಆಡಿದ ಮಾತನ್ನು ಹೊರಗೆ ಉಲ್ಲೇಖಿಸುವಂತಿಲ್ಲ. ಫೋಟೊ ತೆಗೆಯುವಂತಿಲ್ಲ, ಧ್ವನಿ ಮುದ್ರಿಸುವಂತಿಲ್ಲ. ಅರೆಬೆಂದ ಫಲಿತಾಂಶವನ್ನು ಧೈರ್ಯವಾಗಿ ಮುಂದಿಡಲು ಈ ರಕ್ಷೆ ಬೇಕು. ತೆರೆಯ ಸಮ್ಮೇಳನದಲ್ಲಿ ಮೂಲೆಯಲ್ಲೊಂದು ಕೆಂಪು ಚುಕ್ಕಿ ಮಿನುಗುತ್ತಿರುತ್ತದೆ: ‘ಮುದ್ರಣವಾಗುತ್ತಿದೆ’. ಅದು ಆರಿದ್ದರೂ ಯಾರೋ ಎಲ್ಲೋ ಮೊಬೈಲು ಹಿಡಿದಿರಬಹುದು. ಇನ್ನೂರು ಚೌಕಗಳಲ್ಲಿ ಅರ್ಧಕ್ಕರ್ಧ ಕಪ್ಪು. ಅದರ ಹಿಂದೆ ಪ್ರತಿಸ್ಪರ್ಧಿ ಇದ್ದಾರೋ, ಮುಂದಿನ ಕೆಲಸ ಕೊಡಬೇಕಾದವರಿದ್ದಾರೋ, ಯಾರೂ ಇಲ್ಲವೋ ತಿಳಿಯದು. ಅಂಥಲ್ಲಿ ‘ನನ್ನ ಲೆಕ್ಕ ತಪ್ಪಿತು’ ಎಂದು ಯಾರು ಹೇಳುತ್ತಾರೆ? ಗೆದ್ದ ಹತ್ತು ಪ್ರೋಟೀನುಗಳನ್ನು ತೋರಿಸುತ್ತಾರೆ, ಸೋತ ಎರಡನ್ನು ಮಡಚಿಡುತ್ತಾರೆ. ಉಪನ್ಯಾಸ ತೆರೆಯನ್ನು ದಾಟಿ ಬಂತು, ತಪ್ಪೊಪ್ಪಿಗೆ ದಾಟಲಿಲ್ಲ.

ಅದಕ್ಕೇ ಹೆಪ್ಪಿನ ಮಾತು ಮತ್ತೆ ನೆನಪಾಗುತ್ತದೆ. ಮೊಸರು ಮಾಡುವ ವಿಧಾನವನ್ನು ಫೋನಿನಲ್ಲಿ ಹೇಳಬಹುದು, ವಿಡಿಯೊ ಕಳಿಸಬಹುದು. ಹೆಪ್ಪನ್ನು ಮಾತ್ರ ಪಕ್ಕದ ಮನೆಯಿಂದ ಬಟ್ಟಲಿನಲ್ಲೇ ತರಬೇಕು. ಅದು ಹಾಲಿಗೆ ತಾಗಬೇಕು. ಸಮ್ಮೇಳನದಲ್ಲೂ ಈ ಎರಡು ಬಗೆಯ ಸರಕುಗಳಿವೆ. ಕೇಳುವಂಥದ್ದು ದೂರದಿಂದಲೂ ಬರುತ್ತದೆ. ತಗಲುವಂಥದ್ದು ಹತ್ತಿರವಿದ್ದರೆ ಮಾತ್ರ.

ಹಾಗೆಂದು ತೆರೆಯನ್ನು ಮಡಚಿ ಅಟ್ಟಕ್ಕೆ ಹಾಕುವುದು ಅವಿವೇಕ. ನಡೆದದ್ದು ಹೆಚ್ಚುಕಡಿಮೆ ಅದೇ. ಅಮೆರಿಕನ್ ಫಿಸಿಕಲ್ ಸೊಸೈಟಿಯ ಮಾರ್ಚ್ ಸಮ್ಮೇಳನ 2021ರಲ್ಲಿ ಪೂರ್ತಿ ಆನ್‌ಲೈನ್ ಆಗಿತ್ತು, 2022ರಲ್ಲಿ ಷಿಕಾಗೋದಲ್ಲಿ ಜನ ಮತ್ತೆ ಸೇರಿದರು. ಬೇರೆ ಹಲವೆಡೆ ಜನ ಸಭಾಂಗಣಕ್ಕೆ ಮರಳುತ್ತಿದ್ದಂತೆ ಆನ್‌ಲೈನ್ ಬಾಗಿಲು ಮೆಲ್ಲಗೆ ಮುಚ್ಚಿತು. ವೀಸಾ ಸಿಗದವರು, ದುಡ್ಡಿಲ್ಲದವರು, ಕೈಗೂಸಿನ ತಾಯಂದಿರು ಮತ್ತೆ ಹೊರಗುಳಿದರು.

ತೆರೆ, ಕೋಣೆ ಎರಡನ್ನೂ ಉಳಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಮಾದರಿ ಕಣ್ಣೆದುರಿಗೇ ಇದೆ. ಬೆಂಗಳೂರಿನ ಹೊರವಲಯದಲ್ಲಿ, ಹೆಸರಘಟ್ಟದ ಬಳಿ ಇರುವ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ, ಅಂದರೆ ಐಸಿಟಿಎಸ್, ತನ್ನಲ್ಲಿ ನಡೆಯುವ ಉಪನ್ಯಾಸಗಳನ್ನು ಯೂಟ್ಯೂಬಿಗೆ ಏರಿಸುತ್ತದೆ. ಯಾವ ಊರಿನ ವಿದ್ಯಾರ್ಥಿಯಾದರೂ ಬಿಟ್ಟಿಯಾಗಿ ಕೇಳಬಹುದು. ಚರ್ಚೆಗೆ, ಜಗಳಕ್ಕೆ, ಹಲಗೆಯ ಮೇಲೆ ಗೀಚಿ ಒರೆಸುವುದಕ್ಕೆ ಕ್ಯಾಂಪಸ್ಸೇ ಇದೆ. ಜಿ.ಎನ್. ರಾಮಚಂದ್ರನ್ ಅವರು 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದಂದಿನಿಂದ ಪ್ರೋಟೀನುಗಳ ಅಭ್ಯಾಸಕ್ಕೆ ಬೆಂಗಳೂರು ದೊಡ್ಡ ಊರೇ. ಆ ಜ್ಞಾನ ನೈಸ್ ರಸ್ತೆ ದಾಟಿ ಕಲಬುರಗಿಗೋ, ಧಾರವಾಡಕ್ಕೋ, ಮಂಗಳೂರಿಗೋ ತಲುಪಲು ತೆರೆಗಿಂತ ಅಗ್ಗದ ಗಾಡಿ ಇಲ್ಲ.

ಆದ್ದರಿಂದ ಸಮ್ಮೇಳನ ನಡೆಸುವವರಲ್ಲಿ ಮೂರು ಕೋರಿಕೆ. ಉಪನ್ಯಾಸಗಳೆಲ್ಲ ತೆರೆಯ ಮೇಲಿರಲಿ, ಮುದ್ರಣವಾಗಲಿ, ಶುಲ್ಕವಿಲ್ಲದೆ ಎಲ್ಲರಿಗೂ ಸಿಗಲಿ. ಚರ್ಚೆಯ ಕೋಣೆಯಲ್ಲಿ ಕ್ಯಾಮೆರಾ ಆರಿರಲಿ. ಅಲ್ಲಿ ಜನ ಎದುರುಬದುರು ಕೂತು ತಮ್ಮ ತಪ್ಪು ಲೆಕ್ಕಗಳನ್ನು ಬಿಚ್ಚಿಡಲಿ. ದೂರದೂರಿನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನೇ ಮನೆಯ ತೆರೆಯ ಮುಂದೆ ಕೂರಿಸುವ ಬದಲು ಹತ್ತಿರದ ಒಂದು ಕಾಲೇಜಿನಲ್ಲಿ ಒಟ್ಟಿಗೆ ಕೂರಿಸಿ. ಉಪನ್ಯಾಸ ಬಾಲ್ಟಿಮೋರಿನಿಂದ ಬರಲಿ, ಅದು ಮುಗಿದ ಮೇಲಿನ ಚಹಾ ಧಾರವಾಡದ್ದೇ ಆಗಿರಲಿ. ಇದಕ್ಕೆ ಬೇಕಾದದ್ದು ಒಂದು ಪ್ರೊಜೆಕ್ಟರ್, ಒಂದು ನಂಬಬಹುದಾದ ಇಂಟರ್ನೆಟ್ಟು ಮತ್ತು ಸಂಜೆ ಏಳೂವರೆಗೆ ಸೆಮಿನಾರ್ ಹಾಲಿನ ಬಾಗಿಲು ತೆಗೆಯಲು ಒಪ್ಪುವ ಒಬ್ಬ ಪ್ರಿನ್ಸಿಪಾಲರು. ಮೊದಲಿನ ಎರಡು ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಈಗಾಗಲೇ ಇವೆ.